ತಂತಿ ಪಾಲಕಿ

೧೯೯೮ರ ಜೂನ್ ತಿಂಗಳಲ್ಲಿ, ಸೊರಬದ ವಾಸಸ್ಥಳ ದೃಢೀಕರಣ ಕಚೇರಿಯ ಲ್ಯಾಪ್‌ಟಾಪಿನ ಕೀಬೋರ್ಡು ಯಾವ ಪೂರ್ವಾನುಮತಿಯನ್ನೂ ಪಡೆಯದೆ ಕರ್ತವ್ಯಕ್ಕೆ ಗೈರುಹಾಜರಾಯಿತು. ಪರದೆ ಹತ್ತುತ್ತಿತ್ತು, ಒಳಗೆ ಏನೋ ಗುಂಯ್ ಎನ್ನುತ್ತಿತ್ತು. ಗುಂಡಿ ಒತ್ತಿದರೆ ಮಾತ್ರ ಒಂದಕ್ಷರವೂ ಮೂಡುತ್ತಿರಲಿಲ್ಲ. ನಾನು ಆ ಕಚೇರಿಯ ಗುಮಾಸ್ತ. ಕೆಲಸ ಮಾಡದಿರುವುದು ನಮ್ಮಲ್ಲಿ ಹೊಸದೇನಲ್ಲ. ಆದರೂ ಒಂದು ಯಂತ್ರ ಇಷ್ಟು ಬೇಗ ನಮ್ಮ ರೀತಿ ಕಲಿತದ್ದು ಹೆಮ್ಮೆಯ ವಿಷಯವೇ.

ತೊಂದರೆಯಾದದ್ದು ಜಡೆ ಊರಿನ ನಾಗವೇಣಿಗೆ. ಅಂಗನವಾಡಿ ಕೆಲಸಕ್ಕೆ ಆಕೆಗೆ ವಾಸಸ್ಥಳ ಪತ್ರ ಬೇಕಿತ್ತು. ಲ್ಯಾಪ್‌ಟಾಪು ಬಂದ ಮೇಲೆ ಕೈಬರಹದ ಪತ್ರ ಊರ್ಜಿತವಲ್ಲವೆಂದು ಹುಕುಂ ಆಗಿತ್ತು.

"ಪೆನ್ನಲ್ಲೇ ಬರ್ದು ಕೊಡಿ ಸಾರ್. ನಾ ಹುಟ್ಟಿದ್ದೇ ಜಡೇಲಿ," ಎಂದಳು.

"ನಂಗೆ ಗೊತ್ತಮ್ಮ. ನಿನ್ ನಾಮಕರಣದ ಊಟ ಮಾಡಿದೀನಿ," ಎಂದರು ನಮ್ಮ ಅಧಿಕಾರಿ ಮಹೇಶ್ವರಪ್ಪನವರು. "ಆದ್ರೆ ಕಚೇರಿಗೆ ಗೊತ್ತಿಲ್ಲ."

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಪರಿಹಾರವಿತ್ತು: ಬೇರೊಂದು ಕೀಬೋರ್ಡು ಸಿಕ್ಕಿಸಿ ನೋಡಿ. ಬೇರೊಂದು ಇದ್ದದ್ದು ಶಿಕಾರಿಪುರದ ಕಚೇರಿಯಲ್ಲಿ. ಸರ್ಕಾರಿ ಸಾಮಾನು ತಾಲ್ಲೂಕು ದಾಟಬಾರದೆಂಬುದು ನಿಯಮ. ಅವರ ಕೀಬೋರ್ಡು ಇಲ್ಲಿಗೆ ಬರುವಂತಿಲ್ಲ, ನಮ್ಮ ಲ್ಯಾಪ್‌ಟಾಪು ಅಲ್ಲಿಗೆ ಹೋಗುವಂತಿಲ್ಲ.

ಆದ್ದರಿಂದ ಎರಡೂ ಸರಹದ್ದಿನಲ್ಲಿ ಭೇಟಿಯಾದವು. ಗಡಿಕಲ್ಲಿನ ಈಚೆ ನಮ್ಮ ಮೇಜು, ಲ್ಯಾಪ್‌ಟಾಪು. ಆಚೆ ಅವರ ಮೇಜು, ಕೀಬೋರ್ಡು. ಕಲ್ಲಿನ ಮೇಲೆ ತಂತಿ. ಸರ್ವೆಯವರು ಸರಪಳಿ ಎಳೆದು, ಎರಡೂ ಮೇಜು ತಮ್ಮ ತಮ್ಮ ತಾಲ್ಲೂಕಿನಲ್ಲೇ ಇವೆಯೆಂದು ಪಂಚನಾಮೆ ಮಾಡಿದರು. ಶಿಕಾರಿಪುರದ ಅಧಿಕಾರಿ ನೀಲಾಂಬಿಕ ಮೇಡಂ ಅಲ್ಲಿ ಗುಂಡಿ ಒತ್ತಿದರು. ಸೊರಬದಲ್ಲಿ ಅಕ್ಷರ ಮೂಡಿತು.

ಮೊದಲು ನಾಗವೇಣಿಯ ಅರ್ಜಿ. "ಸೊರಬ ತಾಲ್ಲೂಕಿನ ಖಾಯಂ" ಎನ್ನುವವರೆಗೆ ಹೊಡೆದು ಮೇಡಂ ಕೈ ತೆಗೆದರು.

"ಇದು ಬರಂಗಿಲ್ರೀ. ಅಕ್ಷರ ಹುಟ್ಟೋದು ನಮ್ ತಾಲ್ಲೂಕಿನಾಗೆ. ನಮ್ಮಲ್ಲಿ ಹುಟ್ಟಿದ್ದು ನಿಮ್ಮಲ್ಲಿ ಖಾಯಂ ಹೆಂಗಾಗ್ತತಿ?"

"ಮೂಡೋದು ನಮ್ಮಲ್ಲಲ್ವೇನ್ರೀ?" ಎಂದರು ಮಹೇಶ್ವರಪ್ಪನವರು.

"ನಡುವೆ ತಂತಿಯಾಗೆ ಇರ್ತತಲ್ಲ, ಆವಾಗ ಯಾರ್ದು?"

ಪ್ರಶ್ನೆ ಮೇಲಕ್ಕೆ ಹೋಯಿತು. ಮೇಲಿನಿಂದ ಪ್ರಕಟಣೆ ಬಂತು:

"ತಂತಿ ಪಾಲಕರು, ಒಂದು ಹುದ್ದೆ. ನಿಷ್ಪಕ್ಷಪಾತದ ದೃಷ್ಟಿಯಿಂದ ಅಭ್ಯರ್ಥಿಯು ಯಾವುದೇ ತಾಲ್ಲೂಕಿನ ನಿವಾಸಿಯೆಂದು ದೃಢೀಕೃತನಾಗಿರಬಾರದು. ಶಿಫಾರಸು ತರುವವರು ಖುದ್ದಾಗಿ ತರತಕ್ಕದ್ದು."

ಉಳವಿಯಿಂದ ಚಂದ್ರಗುತ್ತಿಯವರೆಗಿನ ಜನ ಅರ್ಜಿ ಹಾಕಿದರು. ಅಭ್ಯಾಸಬಲದಿಂದ ಎಲ್ಲರೂ ಹಳೆಯ ವಾಸಸ್ಥಳ ಪತ್ರ ಲಗತ್ತಿಸಿದ್ದರಿಂದ ಎಲ್ಲರೂ ಅನರ್ಹರಾದರು. ಮಹೇಶ್ವರಪ್ಪನವರ ಬಾಮೈದ ತನ್ನ ಪತ್ರವನ್ನು ಹರಿದು ನುಂಗಿದನು. ಆದರೆ ಅದರ ಪ್ರತಿ ದಫ್ತರಿನಲ್ಲಿತ್ತು. ಪತ್ರವೇ ಇಲ್ಲದವಳು ನಾಗವೇಣಿ ಒಬ್ಬಳೇ.

ಸಂಬಳ ಅಂಗನವಾಡಿಯ ಮೂರು ಪಟ್ಟು. ಆಕೆ ಕೊಡೆ ಹಿಡಿದು ಕಲ್ಲಿನ ಪಕ್ಕ ಕೂತು, ಅಕ್ಷರ ಹೋಗುವಾಗ "ಹೋಗ್ಲಿ" ಎನ್ನುತ್ತಿದ್ದಳು. ಪತ್ರಗಳು ಸರಾಗವಾಗಿ ಹೊರಟವು. ಮಂಜಪ್ಪನೆಂಬವನು ಅಲ್ಲೇ ಚಹಾದಂಗಡಿ ಇಟ್ಟ, ಬಸ್ಸು ನಿಲ್ಲತೊಡಗಿತು. ಆ ಹುಡುಗಿಯ ಮುಖದಲ್ಲಿ ಕಳೆ ಬಂದದ್ದು ಕಂಡು ನನಗೂ ಸಂತೋಷವಾಯಿತು.

ದೀಪಾವಳಿಯ ಹೊತ್ತಿಗೆ ಕಂಪನಿಯ ಇಂಜಿನಿಯರ್ ಈಶ್ವರ್ ಬಂದರು. ಲ್ಯಾಪ್‌ಟಾಪಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರು.

"ಏನೂ ಕೆಟ್ಟಿಲ್ಲ. ಯಾರೋ ಗೊತ್ತಿಲ್ದೆ ಲಾಕ್ ಮಾಡಿದಾರೆ ಅಷ್ಟೆ. ಬಾಕಿ ಇರೋ ಅರ್ಜಿ ಒಂದು ಕೊಡಿ, ಹೊಡೆದು ನೋಡೋಣ."

ನಿಯಮದಂತೆ ಅತ್ಯಂತ ಹಳೆಯದನ್ನು ತೆಗೆದುಕೊಟ್ಟೆ. ಈಶ್ವರ್ ಹೊಡೆದರು: "ನಾಗವೇಣಿ, ಜಡೆ." ಅಕ್ಷರಗಳು ತಂತಿಯ ಹಂಗಿಲ್ಲದೆ ಮೂಡಿದವು. ಮಂಜಪ್ಪ ಒಲೆ ಆರಿಸಿದ.

"ಅಣ್ಣಾ," ಎಂದಳು ನಾಗವೇಣಿ, "ಆಗ ಎರಡು ಗುಂಡಿ ಒತ್ತಿದ್ರಲ್ಲ, ಅದ್ನೇ ಇನ್ನೊಂದ್ಸಲ ಒತ್ತಿ."

ಈಶ್ವರ್ ಮಹೇಶ್ವರಪ್ಪನವರ ಮುಖ ನೋಡಿದರು. ಅವರು ಮೇಡಂ ಮುಖ ನೋಡಿದರು.

"ಒತ್ರೀ," ಎಂದರು ನೀಲಾಂಬಿಕ ಮೇಡಂ. "ಹೆಣ್ಮಗಳು ಕೇಳ್ತಾಳ."

ಒತ್ತಿದರು. ಕೀಬೋರ್ಡು ಮತ್ತೆ ಸತ್ತಿತು. ಪರಿಶೀಲಿಸಿದ ಕೀಬೋರ್ಡು ಪೂರ್ವಸ್ಥಿತಿಯಲ್ಲಿದೆ ಎಂದು ಈಶ್ವರ್ ವರದಿ ಬರೆದುಕೊಟ್ಟು, ಎರಡು ಚಹಾ ಕುಡಿದು ಹೋದರು. ನಾಗವೇಣಿ ತನ್ನ ಅರ್ಜಿಯನ್ನು ವಾಪಸು ಕೇಳಿದಳು.

"ಕಾರಣ ಬರೀಬೇಕಲ್ಲಮ್ಮ," ಎಂದೆ.

"ನಾ ಎಲ್ಲಿಯವಳೂ ಅಲ್ಲ ಅಂತ ಬರ್ಕೊಳ್ಳಿ ಸಾರ್," ಎಂದಳು ನಗುತ್ತಾ. ಮಹೇಶ್ವರಪ್ಪನವರು ತಮಗೆ ಈ ವಿಷಯ ಮೊದಲಿನಿಂದಲೂ ಗೊತ್ತಿತ್ತೆಂದು ಷರಾ ಬರೆದು ಮೊಹರು ಹಾಕಿದರು.