ಮಂಗಳ ಗ್ರಹಕ್ಕೆ ಎಮ್ಮಿಗನೂರಿನ ತಕರಾರು

ಟೀಕೆಗೆ ಸದಾ ಸ್ವಾಗತ ಎನ್ನುವ ಲೇಖಕರನ್ನು ನಂಬಬೇಡಿ. ನಾನೂ ಹಾಗೆ ಹೇಳಿಕೊಂಡು ತಿರುಗಿದವನೇ. ಸ್ವಾಗತವೆಂದರೆ ಇಷ್ಟೆ: ಬಂದವರು 'ನಿಮ್ಮಂಗ ಬರಿಯೋರು ಯಾರದಾರ್ರಿ' ಎಂದು ಹೇಳಿ ಚಪ್ಪಲಿ ಹಾಕಿಕೊಂಡು ಹೊರಡಬೇಕು. ಗಣಿಯ ಭರಾಟೆಯ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಪ್ರತಿಯೊಬ್ಬರೂ ಏನಾದರೊಂದು ಆಗಿಬಿಡುತ್ತಿದ್ದರು. ಸೈಕಲ್ ಅಂಗಡಿಯವನು ಲಾರಿ ಮಾಲೀಕನಾದ. ನಮ್ಮ ಬೀದಿಗೆ ಕೇಬಲ್ ಎಳೆಯುತ್ತಿದ್ದ ಬಸವರಾಜ ಒಂದು ಲೋಕಲ್ ಚಾನೆಲ್ಲಿಗೆ ಒಡೆಯನಾದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ಆ ಚಾನೆಲ್ಲಿಗೆ ಧಾರಾವಾಹಿ ಬರೆಯುವ ಸಾಹಿತಿಯಾದೆ.

ಧಾರಾವಾಹಿ ಮಂಗಳ ಗ್ರಹದ್ದು. ಬಸವರಾಜನ ವಾದ ಸರಳವಾಗಿತ್ತು. "ಸಂಡೂರು ಕಡಿ ಗುಡ್ಡ ಅಗದು ಕೆಂಪಗ ಮಾಡಿಟ್ಟಾರಲ್ರಿ ಸಾರ್, ಸೆಟ್ ಯಾಕ ಬೇಕು?" ಪರಿಚಯದ ಸೂಪರ್‌ವೈಸರ್ ಒಬ್ಬರನ್ನು ಕೇಳಿಕೊಂಡು, ಭಾನುವಾರಗಳಂದು ಗಣಿಯ ಮಣ್ಣಿನ ದಿಬ್ಬದ ಮೇಲೆ, ಬೈಕಿನ ಹೆಲ್ಮೆಟ್ಟಿಗೆ ಬೆಳ್ಳಿ ಬಣ್ಣ ಬಳಿದು ಚಿತ್ರೀಕರಣ ಮಾಡಿದೆವು. ಮಂಗಳದಲ್ಲಿ ಆಗಾಗ ಲಾರಿಯ ಹಾರ್ನ್ ಕೇಳಿಸುತ್ತಿದ್ದುದನ್ನು ಬಿಟ್ಟರೆ ಬೇರೆ ಕೊರತೆಯಿರಲಿಲ್ಲ. ಇನ್ನು ಕಥೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಇಂಗ್ಲಿಷ್ ಧಾರಾವಾಹಿಯೊಂದರ ಸಿ.ಡಿ. ತರಿಸಿ, ನೋಡಿ ನೋಡಿ ಇಳಿಸಿದ್ದೆ. ನಾಯಕಿಯನ್ನು ರೋಹಿಣಿ ಮಾಡಿದಂತೆ ಪಾತ್ರಗಳ ಹೆಸರು ಬದಲಿಸಿದ್ದಷ್ಟೇ ನನ್ನ ಪ್ರತಿಭೆ. ಆದರೂ 'ಕಥೆ, ಸಂಭಾಷಣೆ' ಎಂದು ತೆರೆಯ ಮೇಲೆ ನನ್ನ ಹೆಸರು ಬಂದಾಗ ಸೋಫಾದಲ್ಲಿ ನೆಟ್ಟಗಾಗುತ್ತಿದ್ದೆ.

ಒಂಬತ್ತು ಕಂತು ಮುಗಿದು ಕೊನೆಯದೊಂದು ಉಳಿದಿರುವಾಗ, ನನ್ನ ಹೆಂಡತಿಯ ಚಿಕ್ಕಮ್ಮ ಗಂಗಮ್ಮ ಕಣ್ಣಿನ ಆಪರೇಷನ್ನಿಗೆಂದು ಕಂಪ್ಲಿ ಹತ್ತಿರದ ಎಮ್ಮಿಗನೂರಿನಿಂದ ಬಂದರು. ವರ್ಷವೆಲ್ಲ ಗದ್ದೆಯಲ್ಲಿ ದುಡಿದ ಜೀವ. ಅವರ ತಂದೆ ಬಯಲಾಟ ಕಲಿಸುವ ಮಾಸ್ತರರಾಗಿದ್ದರಂತೆ. ತಾಲೀಮು ನಡೆಯುವಾಗ ಸುತ್ತ ಕೂತವರೆಲ್ಲ ಪಾತ್ರ ತಿದ್ದುವುದು ಅಲ್ಲಿನ ಪದ್ಧತಿ. ತಿದ್ದಿದವರು ಹೇಳಿ ಮರೆತುಬಿಡುತ್ತಾರೆ, ಕುಣಿದವನದೇ ಪಾತ್ರ. ಚಿಕ್ಕಮ್ಮ ಟಿವಿಯನ್ನೂ ತಾಲೀಮೆಂದೇ ತಿಳಿದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು, ಇನ್ನೊಂದು ಕಣ್ಣಿನಲ್ಲಿ ಮರುಪ್ರಸಾರದ ಒಂಬತ್ತೂ ಕಂತು ನೋಡಿ ನನ್ನನ್ನು ಕರೆದರು.

"ಮಾಸ್ತರೆ, ಈ ರೋಹಿಣಿ ಎಷ್ಟು ಓದ್ಯಾಳ?"

"ಡಾಕ್ಟರೇಟ್ ಆಗೇತಿ ಚಿಕ್ಕಮ್ಮ. ದೊಡ್ಡ ವಿಜ್ಞಾನಿ."

"ಮತ್ತ ಎಲ್ಲಾದಕ್ಕೂ ಆ ಕ್ಯಾಪ್ಟನ್ನ ಯಾಕ ಕೇಳ್ತಾಳ? ಅವನ ಮುಖ ನೋಡಿದ್ರ ಬಾಗ್ಲಾ ತೆಗಿಯಾಕೂ ಬರಂಗಿಲ್ಲ ಅನ್ನಂಗ ಐತಿ."

ನಾನು ನಕ್ಕೆ. ನಗು ಮುಗಿಯುವ ಮೊದಲೇ ಎರಡನೆಯದು ಬಂತು. "ಆರು ತಿಂಗ್ಳಿಂದ ನಾಕು ಮಂದಿ ಒಂದ ಡಬ್ಬ್ಯಾಗ ಕುಂತಾರ, ಒಂದು ಜಗಳಿಲ್ಲ! ನಾಟಿ ಹಚ್ಚಾಕ ಹೋದ್ರ ಮೂರನೇ ದಿನಕ್ಕ ಒಬ್ರ ಮುಖ ಒಬ್ರು ನೋಡಂಗಿಲ್ಲ ನಾವು." ಮಂಗಳದ ದುಷ್ಟ ರಾಜನನ್ನೂ ಬಿಡಲಿಲ್ಲ. "ಇವ ನಮ್ಮಪ್ಪನ ಆಟದಾಗಿನ ರಾಕ್ಷಸನ ಅದಾನ. ಹಸರು ಬಣ್ಣ ಹಚ್ಚೀರಿ ಅಷ್ಟ." ಇಂಗ್ಲಿಷಿನವರಾದರೂ ಇವನನ್ನು ಎಲ್ಲಿಂದ ಎತ್ತಿದರೋ ಎಂಬ ಅನುಮಾನ ನನಗೆ ಮೊದಲ ಬಾರಿ ಬಂತು.

ಸಾಹಿತಿಯ ಮಾನ ಉಳಿಸಿಕೊಳ್ಳಬೇಕಲ್ಲ, ಕೊನೆಯ ಕಂತನ್ನು ಓದಿ ಇವರನ್ನು ಅಳಿಸದೆ ಬಿಡುವುದಿಲ್ಲವೆಂದು ಕಾಗದ ತಂದೆ. "ಕಣ್ಣಿನ ಆಪರೇಷನ್ ಆಗೇತಿ, ಅಳಸಬ್ಯಾಡ್ರಿ" ಎಂದು ಹೆಂಡತಿ ಅಡುಗೆಮನೆಯಿಂದಲೇ ಎಚ್ಚರಿಸಿದಳು. ಮುರಿದ ನೌಕೆಯಲ್ಲಿ ಇಬ್ಬರೇ ಸಿಕ್ಕಿಕೊಂಡಾಗ ರೋಹಿಣಿ ತನ್ನ ಪಾಲಿನ ಆಮ್ಲಜನಕವನ್ನು ಕ್ಯಾಪ್ಟನ್‌ಗೆ ಕೊಟ್ಟು ಪ್ರಾಣ ಬಿಡುತ್ತಾಳೆ, ಆತ ಮೂರು ಪುಟ ಗೋಳಾಡುತ್ತಾನೆ. ಗದ್ಗದ ಕಂಠದಿಂದ ಓದಿದೆ. ಚಿಕ್ಕಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿಸಿಕೊಂಡರು.

"ಇಬ್ರೂ ಇದ್ದಾಗ ಗಾಳಿ ಎಷ್ಟ ಉಳದಿತ್ತು?"

"ಒಬ್ರಿಗೆ ಸಾಕಾಗೋವಷ್ಟು."

"ಮತ್ತ ಈತ ಮೊದ್ಲಿಂದ ಅಷ್ಟ್ಯಾಕ ಭಾಷಣ ಮಾಡ್ತಾನ? ಮಾತಾಡಿ ಮಾತಾಡಿ ಆಕಿ ಗಾಳೀನೂ ಇವನ ತಿಂದಾನ. ಆಕಿ ಓದಿದಾಕಿ ಹೌದಿಲ್ಲೋ? 'ಬಾಯಿ ಮುಚ್ಚಿಕೊಂಡು ಕುಂದ್ರಲೇ' ಅನ್ನಬೇಕು. ಇಬ್ರೂ ಗಪ್ಪನ ಕುಂತ್ರ ಇಬ್ರೂ ಉಳಿತಾರ. ಸಾಯೋದ್ಯಾಕ?"

ಹದಿನೆಂಟು ವರ್ಷ ಉಸಿರಾಟದ ಪಾಠ ಮಾಡಿದವನು ನಾನು. ಮಾತು ಹೆಚ್ಚಾದರೆ ಉಸಿರು ಹೆಚ್ಚು ಖರ್ಚಾಗುತ್ತದೆ ಎಂಬುದು ನನಗೂ ಹೊಳೆದಿರಲಿಲ್ಲ, ಆ ಇಂಗ್ಲಿಷಿನವರಿಗೂ ಹೊಳೆದಿರಲಿಲ್ಲ. ಪಾತ್ರ, ವಿಜ್ಞಾನ, ಕಥೆಯ ಗಂಟು ಎಲ್ಲವನ್ನೂ ಈ ಹೆಂಗಸು ಒಂದೇ ಬೈಗುಳದಲ್ಲಿ ಬಿಡಿಸಿಟ್ಟಿದ್ದರು. ನಿಜ ಹೇಳುತ್ತೇನೆ, ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ. ಕಾಗದ ಹರಿದು, ಅವರು ಹೇಳಿದಂತೆ ಅಕ್ಷರ ಬಿಡದೆ ಬರೆದುಕೊಂಡೆ.

ಕೊನೆಯ ಕಂತು ಪ್ರಸಾರವಾದಾಗ, ರೋಹಿಣಿ ಗದರಿದ ಮೇಲೆ ಇಬ್ಬರೂ ಪೂರಾ ನಾಲ್ಕು ನಿಮಿಷ ತುಟಿ ಬಿಚ್ಚದೆ ಕೂತಿದ್ದರು. ಅರ್ಧ ಊರು ಟಿವಿ ಕೆಟ್ಟಿತೆಂದು ಅದರ ತಲೆಗೆ ತಟ್ಟಿತಂತೆ. ಕೆಟ್ಟಿಲ್ಲವೆಂದು ತಿಳಿದ ಮೇಲೆ ತಾವೂ ಉಸಿರು ಬಿಗಿಹಿಡಿದರಂತೆ. ರಕ್ಷಣಾ ನೌಕೆ ಬಂದು ಇಬ್ಬರೂ ಬದುಕಿದಾಗ ನಮ್ಮ ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಮನೆಯ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. "ಎಲ್ಲಿಂದ ಹೊಳಿತ್ರಿ ಇದು?" ಎಂದು ನಮ್ಮ ಹೆಡ್‌ಮಾಸ್ತರರು ಕೇಳಿದರು. ಪ್ರತಿಭೆಯ ಬಗ್ಗೆ ನಾನೇನು ಹೇಳಲಿ ಎಂಬಂತೆ ಸುಮ್ಮನೆ ನಕ್ಕೆ.

ಮರುದಿನ ಬೆಳಿಗ್ಗೆ ಚಿಕ್ಕಮ್ಮನನ್ನು ಕಂಪ್ಲಿ ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯ ಹತ್ತಿರ ಕೂತು, ನನ್ನ ಕೈ ಹಿಡಿದುಕೊಂಡರು. "ಮೊದ್ಲಿನವು ಯಾಕೋ ಬ್ಯಾರೇರ ಅಂಗಿ ಹಾಕ್ಕೊಂಡಂಗ ಇದ್ವು ಮಾಸ್ತರೆ. ನಿನ್ನಿ ಬಂದದ್ದು ಮಾತ್ರ ಖರೇನ ನಿಮ್ಮ ಸ್ವಂತದ್ದು. ನೋಡಿ ಭಾಳ ಖುಷಿ ಆತು." ಮುಖದಲ್ಲಿ ಕೊಂಕಿನ ಸುಳಿವೂ ಇಲ್ಲ. ತಾವೇ ಹೇಳಿದ್ದನ್ನು ಪೂರ್ತಿ ನನಗೆ ಬಿಟ್ಟುಕೊಟ್ಟು, ಈಗ ನನ್ನನ್ನೇ ನೋಡಿ ಬೆರಗಾಗುತ್ತಿದ್ದರು. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು, ನಿಜ ಹೇಳಲಾಗಲಿಲ್ಲ ಎಂದು ಬರೆದರೆ ನೀವೂ ನಂಬುತ್ತಿದ್ದಿರಿ, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಡ್ರೈವರ್ ಇನ್ನೂ ಕ್ಯಾಂಟೀನಿನ ಮುಂದೆ ನಿಂತು ಚಹಾ ಆರಿಸಿಕೊಳ್ಳುತ್ತಿದ್ದ.

"ಹೌದ್ರಿ ಚಿಕ್ಕಮ್ಮ," ಎಂದೆ. "ನಿದ್ದಿಗೆಟ್ಟು ಬರದದ್ದು ಅದು."