ಕಾಯಂ ಹುದ್ದೆಗೆ ಅರ್ಹ ಜೀವಿ

ಅನ್ಯಗ್ರಹ ಜೀವಶೋಧನ ಸಂಸ್ಥೆಯಲ್ಲಿ ತೆರವಾಗಿದ್ದ ಏಕೈಕ ಕಾಯಂ ವಿಜ್ಞಾನಿ ಹುದ್ದೆಗೆ, ನಿಯಮಾನುಸಾರ, ಅತ್ಯಂತ ಅರ್ಹ ಜೀವಿಯನ್ನೇ ಆಯ್ಕೆ ಮಾಡಲಾಗಿದೆಯೆಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ.

ಆ ಹುದ್ದೆಯ ಮೇಲೆ ಆಸೆ ಇಟ್ಟುಕೊಂಡಿದ್ದವಳು ಸಂಸ್ಥೆಯ ಕಿರಿಯ ಸಂಶೋಧಕಿ. ಸೇರಿದಾಗಿನಿಂದ ಗುತ್ತಿಗೆಯ ಮೇಲೇ ಇದ್ದುದರಿಂದ ಎಲ್ಲರೂ ಅವಳನ್ನು ತಾತ್ಕಾಲಿಕ ಮೇಡಂ ಎಂದೇ ಕರೆಯುತ್ತಿದ್ದರು. ಗಂಧಕದ ಬಿಸಿನೀರ ಬುಗ್ಗೆಗೆ ಹೋಗಿ, ಅಂಗೈ ಸುಟ್ಟುಕೊಂಡು, ಕುದಿಯುವ ಕೆಸರಿನಲ್ಲೂ ಹಾಯಾಗಿರುವ ಒಂದು ಸೂಕ್ಷ್ಮಜೀವಿಯನ್ನು ಸೀಸೆಯಲ್ಲಿ ತಂದಿದ್ದಳು. ಇಂಥದ್ದು ಇಲ್ಲೇ ಬದುಕುವುದಾದರೆ ಬೇರೆ ಗ್ರಹದಲ್ಲೂ ಬದುಕೀತು ಎಂಬುದು ಅವಳ ವಾದ. ಈ ಸಲ ಕಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು. "ಬಾಯಿ ಸತ್ತವಳ ಹಾಗೆ ಕೂತ್ಕೋಬೇಡ ಕಣೇ, ಎಲ್ಲಾ ಬಿಡಿಸಿ ಹೇಳು," ಎಂದು ಅಮ್ಮ ಹೇಳಿ ಸಂದರ್ಶನಕ್ಕೆ ಕಳಿಸಿದ್ದರು. ಪಾಪ, ಅವಳು ಬಿಡಿಸಿಯೇ ಹೇಳಿದಳು.

"ಇದಕ್ಕೆ ಊಟ?" ಎಂದರು ಸಂದರ್ಶನ ಸಮಿತಿಯ ಅಧ್ಯಕ್ಷರಾದ ನಿರ್ದೇಶಕರು.

"ಕಲ್ಲಲ್ಲಿರೋ ಗಂಧಕ ಸಾಕು, ಸರ್."

"ಗಾಳಿ, ಬೆಳಕು?"

"ಎರಡೂ ಬೇಡ, ಸರ್."

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಲೆಕ್ಕಾಧಿಕಾರಿ ಕಣ್ಣು ಬಿಟ್ಟರು. "ರಜೆ ಕೇಳುತ್ತಾ?"

"ಅದು... ಇಲ್ಲ ಸರ್. ಒಣಗಿಸಿಟ್ರೆ ವರ್ಷಗಟ್ಟಲೆ ಸುಮ್ನಿರುತ್ತೆ. ಒಂದು ಹನಿ ನೀರು ಬಿಟ್ರೆ ತಕ್ಷಣ ಕೆಲಸ ಶುರು."

"ಬೇರೆ ಗ್ರಹಕ್ಕೆ ವರ್ಗ ಮಾಡಿದ್ರೂ ತಕರಾರಿಲ್ಲ ಅನ್ನಿ!" ನಿರ್ದೇಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಡೀ ಸೇವಾವಧಿಯಲ್ಲಿ ಅವರು ಇಂಥ ಅಭ್ಯರ್ಥಿಯನ್ನು ಕಂಡಿರಲಿಲ್ಲ.

ಆದೇಶ ಅಂದೇ ಹೊರಬಿತ್ತು. "ಸದರಿ ಜೀವಿಯು ವಿಭಜನೆ ಹೊಂದಿ ಹೆಚ್ಚಾದಲ್ಲಿ, ಹೆಚ್ಚಾದವರನ್ನೂ ಅದೇ ಹುದ್ದೆಯಲ್ಲಿ ವಿಲೀನಗೊಳಿಸತಕ್ಕದ್ದು. ಪ್ರತ್ಯೇಕ ವೇತನ ಕೋರತಕ್ಕದ್ದಲ್ಲ."

ಮೇಡಂಗೆ ತಲೆ ಕೆಟ್ಟುಹೋಯಿತು. "ಸರ್, ಅದನ್ನ ಹುಡುಕಿದ್ದು ನಾನು!"

"ಅದಕ್ಕೇ ಅಲ್ವೇನಮ್ಮ, ನಿಮ್ಮನ್ನ ಅವರ ಸಹಾಯಕಿಯಾಗಿ ಮುಂದುವರಿಸಿರೋದು?" ಎಂದರು ನಿರ್ದೇಶಕರು. "ಅದು ಇದು ಅನ್ಬೇಡಿ. ಈಗ ಅವರು ನಿಮ್ಮ ಮೇಲಧಿಕಾರಿ."

ಮೇಲಧಿಕಾರಿಯ ಸೀಸೆಗೆ ಪ್ರತ್ಯೇಕ ಕೊಠಡಿ, ಬಾಗಿಲಿಗೆ ನಾಮಫಲಕ, ಹಗಲೆಲ್ಲ ಕುದಿಯುವ ನೀರಿನ ತೊಟ್ಟಿ ಬಂದವು. ಅವರಿಗೆ ಗಾಳಿ ಬೇಡವಾದ್ದರಿಂದ ಫ್ಯಾನ್ ಕಳಚಲಾಯಿತು. ಬೆಳಕು ಬೇಡವಾದ್ದರಿಂದ ಕಿಟಕಿಗೆ ಹಲಗೆ ಹೊಡೆಯಲಾಯಿತು. ಸಹಾಯಕಿಯ ಕುರ್ಚಿ ತೊಟ್ಟಿಯ ಪಕ್ಕದಲ್ಲೇ.

ಅವಳು ಮನೆಗೆ ಬಂದು ಗೊಳೋ ಎಂದು ಅತ್ತಳು.

"ಹೊಸ ಸಾಹೇಬ್ರು ಬೈತಾರಾ?" ಅಮ್ಮ ಕೇಳಿದರು.

"ಇಲ್ಲಮ್ಮ."

"ಸಿಡಿಮಿಡಿ ಅಂತಾರಾ?"

"ಅದಕ್ಕೆ ಬಾಯೇ ಇಲ್ಲಮ್ಮ!"

"ಅಯ್ಯೋ ಪೆದ್ದಿ, ಇಂಥ ಮೇಲಧಿಕಾರಿ ಸಿಗೋಕೆ ಪುಣ್ಯ ಮಾಡಿರ್ಬೇಕು! ನಿಮ್ಮಪ್ಪನಿಗೆ ಜನ್ಮದಲ್ಲಿ ಸಿಗಲಿಲ್ಲ."

ಮರುವರ್ಷ ಇನ್ನೊಂದು ಹುದ್ದೆ ತೆರವಾಯಿತು. ಬೆವರಿ ಬೆವರಿ ಅರ್ಧಕ್ಕಿಳಿದಿದ್ದ ಮೇಡಂ ಸಮಿತಿಯ ಮುಂದೆ ಬಂದು ಕೂತಾಗ ಲೆಕ್ಕಾಧಿಕಾರಿಗೇ ಅಯ್ಯೋ ಅನ್ನಿಸಿತು. "ಫ್ಯಾನ್ ಜೋರು ಮಾಡ್ಲಾ?" ಎಂದರು.

"ಬೇಡ ಸರ್. ಗಾಳಿ ತಾಗಿದ್ರೆ ಈಗ ನಂಗೆ ಚಳಿಯಾಗುತ್ತೆ."

ಸಮಿತಿಯವರು ಮುಖ ಮುಖ ನೋಡಿಕೊಂಡರು. ನಿರ್ದೇಶಕರ ಮುಖ ಅರಳಿತು.

"ದಾರಿಗೆ ಬರ್ತಿದ್ದಾರೆ. ಇನ್ನೆರಡು ವರ್ಷ ಕುದೀಲಿ, ಕಾಯಂ ಮಾಡೋಣ."

ಮೇಡಂಗೆ ಖುಷಿಯೋ ಖುಷಿ. ಎಲ್ಲರಿಗೂ ಕೈಮುಗಿದು ಕೊಠಡಿಗೆ ಓಡಿದಳು. ಇಂಥ ಸುದ್ದಿಯನ್ನು ಮೇಲಧಿಕಾರಿಗೆ ಮೊದಲು ತಿಳಿಸಬೇಕಲ್ಲ!