ಭಾಲ್ಕಿಯ ನಾಲ್ಕು ರಸ್ತೆಯಲ್ಲಿ ಅಲ್ಬೇನಿಯಾದ ಹಕ್ಕಿ

ಹಾವಗೆಪ್ಪ: ಆ ಹಕ್ಕಿ ನಮ್ಮದಲ್ಲ, ಸಲಾವೋದ್ದೀನ.

ಸಲಾವೋದ್ದೀನ: ಎರಡು ತಲಿ ಅವ ಇಲ್ಲೋ?

ಹಾವಗೆಪ್ಪ: ಅವ.

ಸಲಾವೋದ್ದೀನ: ಎರಡು ರೆಕ್ಕಿ ಅವ ಇಲ್ಲೋ?

ಹಾವಗೆಪ್ಪ: ಅವ.

ಸಲಾವೋದ್ದೀನ: ಮತ್ತ ಗಂಡಭೇರುಂಡಕ್ಕ ಇನ್ನೇನ್ ಬೇಕರಿ, ಅಣ್ಣಾ?

ಹಾವಗೆಪ್ಪ: ನಾಡು ಬೇಕೋ ತಮ್ಮಾ. ಅದರ ನಾಡೇ ಬ್ಯಾರೆ. ಅದು ಅಲ್ಬೇನಿಯಾದ್ದು.

ಸಲಾವೋದ್ದೀನನ ಅಂಗಡಿಯೊಳಗೆ ನೆಲದ ಮೇಲೆ ಕುಳಿತು ಫ್ಲೆಕ್ಸಿನ ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆ ರಿಂಗು ಬಡಿಯುತ್ತಿದ್ದ ಅವನ ಹೆಂಡತಿ ಮಹಮೂದಾ ಬೇಗಂ ಎತ್ತಿದ ಸುತ್ತಿಗೆಯನ್ನು ಮೆಲ್ಲಗೆ ಇಳಿಸಿದಳು. ಒಂದೊಂದು ರಿಂಗಿಗೂ ಬಿಸ್ಮಿಲ್ಲಾ ಅಂದು ಬಡಿಯುವುದು ಅವಳ ರೂಢಿ. ಅಂದದ್ದು ಬಾಯಲ್ಲಿತ್ತು, ಬಡಿತ ಬಾಕಿ ಉಳಿಯಿತು. ಅಲ್ಬೇನಿಯಾ ಎಂಬ ಹೆಸರನ್ನು ಅವಳು ಕೇಳಿರಲಿಲ್ಲ. ಆದರೆ ಹಾವಗೆಪ್ಪನ ದನಿಯನ್ನು ಬಹಳ ವರ್ಷಗಳಿಂದ ಕೇಳಿದ್ದಳು. ಆ ದನಿ ಹೀಗೆ ಇಳಿದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

ಹಾವಗೆಪ್ಪ ರಾಜ್ಯದ ಗಡಿ ದಾಟುವ ಭಾಲ್ಕಿ–ಉದಗೀರ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದವನು. ಈಗ ಓಣಿಯ ಕನ್ನಡ ಸಂಘಕ್ಕೆ ಅಧ್ಯಕ್ಷ. ಉಳಿದ ಹೊತ್ತೆಲ್ಲ ಫೋನಿನಲ್ಲಿ ಲೋಕದ ಸುದ್ದಿ ನೋಡುತ್ತಾನೆ. ನಾಳೆ ರಾಜ್ಯೋತ್ಸವ. ಸಂಘದ ಫ್ಲೆಕ್ಸು ಇವತ್ತು ಬೆಳಿಗ್ಗೆಯೇ ನಾಲ್ಕು ರಸ್ತೆಯಲ್ಲಿ ಏರಿದೆ. ನಡುವೆ ಕೆಂಪು ಪಟ್ಟಿ, ಅದರಲ್ಲಿ ಎರಡು ತಲೆಯ ಕರೀ ಹಕ್ಕಿ, ಪಕ್ಕದಲ್ಲಿ ಬಿಳೀ ಅಂಗಿ ತೊಟ್ಟು ಕೈ ಮುಗಿದ ಹಾವಗೆಪ್ಪ. ಛಾಪಿಸಿದವನು ಸಲಾವೋದ್ದೀನ.

ನಡೆದದ್ದು ಇಷ್ಟೇ ಎಂದು ಹಾವಗೆಪ್ಪ ವಿವರಿಸಿದ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಒಂದು ಕಣ್ಣು ಫ್ಲೆಕ್ಸಿನ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ಕೂತಿದ್ದನಂತೆ. ಫೋನಿನಲ್ಲಿ ಯಾವುದೋ ಯುರೋಪಿನ ಪಟ್ಟಣ, ರಸ್ತೆ ತುಂಬ ಕೆಂಪು ಬಾವುಟ, ಪ್ರತಿ ಬಾವುಟದಲ್ಲೂ ಇದೇ ಕರೀ ಹಕ್ಕಿ. ಕನ್ನಡಿಗರು ಅಷ್ಟು ದೂರ ಹೋಗಿ ಇಷ್ಟು ಜೋರಾಗಿ ರಾಜ್ಯೋತ್ಸವ ಮಾಡುತ್ತಾರಲ್ಲ ಎಂದು ಅವನಿಗೆ ಎದೆ ತುಂಬಿ ಬಂತು. ಆ ಖುಷಿಯಲ್ಲಿ ಇನ್ನೂ ಅರ್ಧ ಕಪ್ಪು ಚಹಾ ಹೇಳಿದ. ಸುದ್ದಿ ಮುಗಿಯುವ ಹೊತ್ತಿಗೆ ಆ ಅರ್ಧ ಕಪ್ಪು ಆರಿ ತಣ್ಣಗಾಗಿತ್ತು.

ಸಲಾವೋದ್ದೀನ: ಇರಲಿ ಬಿಡ್ರಿ. ಒಂದೇ ಥರದ ಹಕ್ಕಿ ಎರಡು ಕಡಿ ಇರಬಾರದಂತದ?

ಹಾವಗೆಪ್ಪ: ಹಕ್ಕಿ ಇರಬಹುದು. ಆ ಹಕ್ಕಿ ಹಿಂದ ದೊಡ್ಡ ರಾಜಕಾರಣ ಅದ. ಅವರು ಒಂದೇ ಮಂದಿ, ಒಂದೇ ಭಾಷಾ. ಆದ್ರ ಹಂಚಿ ಹೋಗ್ಯಾರ. ಅಲ್ಬೇನಿಯಾದಾಗ ಅಷ್ಟು, ಕೊಸೊವೊದಾಗ ಅಷ್ಟು, ಮ್ಯಾಸಿಡೋನಿಯಾ ಕಡಿ ಒಂದಿಷ್ಟು. ಅವರ ಮುಖಂಡರು ಭಾಷಣ ಮಾಡ್ತಾರ, ಇವತ್ತಿಲ್ಲ ನಾಳಿ ಎಲ್ಲಾರೂ ಒಂದಾಗ್ತೇವಿ ಅಂತ. ಬಾಜೂಕಿನ ಸರ್ಬಿಯಾದವ್ರಿಗಿ ಅದು ಚುಚ್ಚತದ. ರಾಯಭಾರಿನ್ನ ಕರಸಿ ಬೈತಾರ.

ಮಹಮೂದಾ: ರಾಯಭಾರಿ ಅಂದ್ರ ಯಾರ್ರಿ, ಅಣ್ಣಾವ್ರ?

ಹಾವಗೆಪ್ಪ: ಒಂದು ದೇಶದಿಂದ ಬಂದು ಇನ್ನೊಂದು ದೇಶದಾಗ ಕುಂತಿರ್ತಾರ, ಭಾಬಿ. ತವರಿನ್ಯಾಗ ಯಾರರೆ ಏನರೆ ಅಂದ್ರ, ಇಲ್ಲಿ ಇವರು ಬೈಸ್ಕೊಬೇಕು.

ಮಹಮೂದಾ: ಸೊಸಿ ಅನ್ರಿ.

ಹಾವಗೆಪ್ಪ ಸ್ವಲ್ಪ ಯೋಚಿಸಿ, ಹೌದು ಎಂದು ಒಪ್ಪಿಕೊಂಡ.

ಸಲಾವೋದ್ದೀನ: ಆ ಮಂದಿ ಒಂದಾದ್ರ ತಪ್ಪೇನದ?

ಹಾವಗೆಪ್ಪ: ನನ್ನ ಕೇಳಿದ್ರ ತಪ್ಪಿಲ್ಲ. ಒಂದೇ ಮಂದಿ, ಒಂದೇ ಭಾಷಾ, ನಡುವ ಗೀಟು ಯಾಕ ಬೇಕು?

ಸಲಾವೋದ್ದೀನ: ಹಂಗಾದ್ರ ಫ್ಲೆಕ್ಸ್ ಇರಲಿ.

ಹಾವಗೆಪ್ಪ: ಅವರು ಅಲ್ಲಿ ಒಂದಾಗಲಿ ಅಂದೆ. ಅದರಾಗ ಭಾಲ್ಕಿ ಯಾಕ ಬರಬೇಕು? ಕೇಳಿಲ್ಲಿ. ಒಮ್ಮೆ ಅವರದು ಸರ್ಬಿಯಾದವರದು ಫುಟ್‌ಬಾಲ್ ನಡದಿತ್ತು. ಯಾರೋ ಒಂದು ಡ್ರೋನಿಗಿ ಬಾವುಟ ಕಟ್ಟಿ ಬಿಟ್ರು, ಅದರ ಮ್ಯಾಲ ಅವರ ಒಟ್ಟು ನಾಡಿನ ನಕಾಶಿ. ಆಟ ಅಲ್ಲಿಗೇ ನಿಂತು ಹೊಡದಾಟ ಸುರು ಆಯ್ತು. ಒಂದು ಅರಿವಿ ತುಂಡಿಗಿ ಇಷ್ಟು. ನಮ್ಮದು ಹತ್ತು ಫೂಟಿನ ಫ್ಲೆಕ್ಸ್.

ಸಲಾವೋದ್ದೀನ: ಸರ್ಬಿಯಾದವ್ರಿಗಿ ಭಾಲ್ಕಿ ಎಲ್ಲದ ಗೊತ್ತದೇನ್ರಿ?

ಹಾವಗೆಪ್ಪ: ಅವ್ರಿಗಿ ಗೊತ್ತಿಲ್ಲ. ಉದಗೀರದವ್ರಿಗಿ ಗೊತ್ತದ.

ಅದು ಸಲಾವೋದ್ದೀನನಿಗೂ ಗೊತ್ತಿದ್ದದ್ದೇ. ಗಡಿ ಗದ್ದಲ ಎದ್ದಾಗಲೆಲ್ಲ ಮೊದಲು ನಿಲ್ಲುತ್ತಿದ್ದುದು ಹಾವಗೆಪ್ಪನ ಬಸ್ಸು. ಭಾಲ್ಕಿ ನಮ್ಮದು ಎಂದು ಆ ಕಡೆಯವರು, ಒಂದು ಗೇಣೂ ಕೊಡೆವು ಎಂದು ಈ ಕಡೆಯವರು. ನಡುವೆ ಟಿಕೆಟ್ ಚೀಲ ಹಿಡಿದು ನಿಂತವನು ಹಾವಗೆಪ್ಪ. ಅವನ ಮಗಳು ಸುವರ್ಣಾಳನ್ನು ಕೊಟ್ಟಿರುವುದೂ ಉದಗೀರಕ್ಕೇ.

ಮಹಮೂದಾ: ನಮ್ಮ ಮಂದೀನೂ ಹಂಚಿ ಹೋಗ್ಯಾದ, ಅಣ್ಣಾವ್ರ. ನಾವು ಇಲ್ಲಿ, ನಾದಿನಿ ಉದಗೀರದಾಗ, ತಂಗಿ ಕುಲಸುಮಬೀ ಜಹೀರಾಬಾದದಾಗ. ಒಂದು ಮನಿಗಿ ಮೂರು ರಾಜ್ಯ. ಹಿಂದಕ್ಕ ಎಲ್ಲಾ ಒಂದೇ ಜಿಲ್ಲಾ ಇತ್ತಂತ, ನಮ್ಮ ಅಬ್ಬಾ ಹೇಳ್ತಿದ್ರು. ನಾವೂ ಒಂದಾಗೂದದ?

ಸಲಾವೋದ್ದೀನ: ಈದಿಗಿ ಒಂದಾಗ್ತೇವಲ್ಲ, ಸಾಕು. ನಿನ್ನ ತಂಗಿ ಗಂಡ ಬಂದು ಎರಡು ದಿನ ಆದ್ರ ಗಡಿ ಎಷ್ಟು ಛಲೋದು ಅನಸ್ತದ.

ಮಹಮೂದಾ ಮುಸುಕಿನ ಅಂಚನ್ನು ಬಾಯಿಗೆ ಹಿಡಿದು ಕೆಲಸಕ್ಕೆ ತಿರುಗಿದಳು. ಎದುರಿಗೆ ಇದ್ದದ್ದು ಕಮಠಾಣದ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಅಂಗಡಿಯ ಕೊನೆಯ ರೋಲು ಅದರಲ್ಲಿಯೇ ಮುಗಿದಿತ್ತು. ರಾಜ್ಯೋತ್ಸವದ ಗಡಿಬಿಡಿಯಲ್ಲಿ ಬೀದರಿನಲ್ಲೂ ರೋಲಿಲ್ಲ, ಹೊಸದು ಬರುವುದು ನಾಡಿದ್ದು. ಹೊಸ ಫ್ಲೆಕ್ಸು ಆಗದ ಮಾತು. ಇದ್ದದ್ದರಲ್ಲೇ ಏನಾದರೂ ಮಾಡಬೇಕೆಂದು ಗಂಡಸರಿಬ್ಬರೂ ಲೆಕ್ಕ ಹಾಕಿದರು.

ಹಾವಗೆಪ್ಪ: ಒಂದು ತಲಿ ಮ್ಯಾಲ ಕಾಗದ ಹಚ್ಚಿದ್ರ?

ಸಲಾವೋದ್ದೀನ: ಆಗ ಅದು ಬರೇ ಹದ್ದು. ಒಂದು ತಲಿ ಹದ್ದು ಬ್ಯಾರೆ ಎಷ್ಟೋ ದೇಶದ ಬಾವುಟದಾಗ ಅವ ಅಂತ ಹ್ವಾದ ವಾರ ನೀವೇ ಹೇಳೀರಿ.

ಹಾವಗೆಪ್ಪ: ಎರಡೂ ತಲಿಗಿ ಹಚ್ಚು.

ಸಲಾವೋದ್ದೀನ: ಕೋಳಿ ಅಂಗಡಿದು ಅಂತಾರ.

ಹಾವಗೆಪ್ಪ: ಹಂಗಾದ್ರ ಪೂರಾ ಹಕ್ಕಿ ಮ್ಯಾಲ ನಂದೇ ಇನ್ನೊಂದು ಫೋಟೊ ಅಂಟಿಸಿದ್ರ?

ಮಹಮೂದಾ: ಇದ್ದ ಫೋಟೊ ಸಣ್ಣದಾಯ್ತೇನ್ರಿ?

ಹಾವಗೆಪ್ಪ: ನನಗ ಬೇಕಾಗಿಲ್ಲ, ಭಾಬಿ. ನಾಡಿಗಾಗಿ ಅಂದೆ.

ನಾಡಿಗಾಗಿಯಾದರೂ ಅಷ್ಟು ದೊಡ್ಡ ಕಾಗದ ಅಂಗಡಿಯಲ್ಲಿರಲಿಲ್ಲ. ಹಾವಗೆಪ್ಪ ಸ್ಟೂಲಿನ ಮೇಲೆ ಕುಳಿತು ಟೋಪಿ ತೆಗೆದು ಮೊಣಕಾಲಿಗೆ ಹಾಕಿಕೊಂಡ. ನಾಳೆ ದೊಡ್ಡ ಸಾಹೇಬರೆಲ್ಲ ಬಂದು ಆ ಫ್ಲೆಕ್ಸಿನ ಮುಂದೆಯೇ ನಿಲ್ಲುವವರಿದ್ದರು.

ಹಾವಗೆಪ್ಪ: ಒಂದು ಕೆಲಸ ಮಾಡೋಣು. ಯಾರರೆ ಕೇಳಿದ್ರ ನೀನೇ ಹೇಳಿಬಿಡು, ಅಂಗಡ್ಯಾಗ ತಪ್ಪಾಯ್ತು ಅಂತ. ಚೂಕು ಯಾರಿಗಿ ಆಗಂಗಿಲ್ಲ?

ಸಲಾವೋದ್ದೀನ ಕಂಪ್ಯೂಟರಿನ ಕಡೆ ಮುಖ ಮಾಡಿ ಕುಳಿತ. ಹೆಂಡತಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಹಾಗೆ ಬಿಗಿಯಾದುದನ್ನು ಅವಳು ಹೆಚ್ಚು ಸಲ ನೋಡಿರಲಿಲ್ಲ.

ಹಾವಗೆಪ್ಪ ಫ್ಲೆಕ್ಸು ಮಾಡಿಸಲು ಬಂದ ದಿನ ಅವಳು ಇಲ್ಲಿಯೇ ಕುಳಿತಿದ್ದಳು. ಸಲಾವೋದ್ದೀನ ಎರಡು ಹಕ್ಕಿ ತೋರಿಸಿದ್ದ, ಒಂದು ಬಿಳೀದು, ಒಂದು ಕರೀದು. ಬಿಳೀ ಅಂಗಿಯ ಪಕ್ಕ ಬಿಳೀ ಹಕ್ಕಿ ಇಟ್ಟರೆ ತನ್ನ ಅಂಗಿ ಎದ್ದು ಕಾಣುವುದಿಲ್ಲ ಎಂದು ಕರೀ ಹಕ್ಕಿಯ ಮೇಲೆ ಬೊಟ್ಟಿಟ್ಟವನು ಹಾವಗೆಪ್ಪನೇ. ಅದನ್ನು ಈಗ ಅವಳು ಹೇಳಬಹುದಿತ್ತು. ಹೇಳದೆ ಇನ್ನೊಂದು ರಿಂಗು ಬಡಿದಳು.

ಸಲಾವೋದ್ದೀನ: ನೀವು ಹೇಳಿದ್ರ ಚೂಕು ಅಂತಾರ, ಹಾವಗೆಪ್ಪಣ್ಣ. ನಾ ಹೇಳಿದ್ರ ಅಷ್ಟಕ್ಕ ಬಿಡಂಗಿಲ್ಲ.

ಹಾವಗೆಪ್ಪ: ಯಾಕ ಬಿಡಂಗಿಲ್ಲ?

ಸಲಾವೋದ್ದೀನ: ರಾಜ್ಯೋತ್ಸವದ ದಿನ ಭಾಲ್ಕ್ಯಾಗ ಪರದೇಶದ ಝಂಡಾ, ಛಾಪಿಸಿದಾಂವ ಸಲಾವೋದ್ದೀನ. ಮುಂದಿಂದು ಫೋನಿನ್ಯಾಗ ಅವರೇ ಬರಕೊಳ್ತಾರ. ಯಾವ ದೇಶ ಅಂತ ಸುದ್ದಾ ಕೇಳಂಗಿಲ್ಲ.

ಅವನು ದನಿ ಏರಿಸಿರಲಿಲ್ಲ. ಹಾಲಿನ ದರ ಹೇಳುವ ಹಾಗೆ ಹೇಳಿದ್ದ. ಹಾವಗೆಪ್ಪ ಕೈಯಲ್ಲಿದ್ದ ಫೋನನ್ನು ನೋಡಿ ಕಿಸೆಗೆ ಹಾಕಿದ. ಆಮೇಲೆ ಮೊಣಕಾಲಿನ ಮೇಲಿದ್ದ ಟೋಪಿಯನ್ನು ಎತ್ತಿ, ಅದರ ಮಡಿಕೆ ಸರಿಮಾಡಿ, ಮತ್ತೆ ಮೊಣಕಾಲಿಗೇ ಹಾಕಿದ. ಮಹಮೂದಾ ಬೇಗಂ ಮನಸ್ಸಿನಲ್ಲೇ ದೇವರನ್ನು ನೆನೆದು, ಮಾಲಿಕ, ನೀನೇ ನೋಡು ಅಂದುಕೊಂಡಳು.

ಹೊರಗೆ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಇಳಿದವನು ಸಂತೋಷಕುಮಾರ, ನೆರೆಯ ಔರಾದದ ಕನ್ನಡ ಸಂಘದ ಅಧ್ಯಕ್ಷ. ವಯಸ್ಸಿನಲ್ಲಿ ಸಣ್ಣವನಾದರೂ ಫ್ಲೆಕ್ಸಿನಲ್ಲಿ ಹಾವಗೆಪ್ಪನಿಗೆ ಸಮ. ಭಾಲ್ಕಿಯವರು ಎಂಟು ಫೂಟು ಹಾಕಿದರೆ ಔರಾದದವರು ಒಂಬತ್ತು, ಇವರು ಹತ್ತು ಅಂದರೆ ಅವರು ಹನ್ನೊಂದು, ಹೀಗೆ ಹಲವು ವರ್ಷಗಳಿಂದ ನಡೆದಿತ್ತು. ಒಳಗೆ ಬಂದವನೇ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. ಅದರಲ್ಲಿ ನಾಲ್ಕು ರಸ್ತೆಯ ಫ್ಲೆಕ್ಸಿತ್ತು. ಹಾವಗೆಪ್ಪನನ್ನು ಬಿಟ್ಟು ಹಕ್ಕಿಯ ಫೋಟೊ ಮಾತ್ರ ತೆಗೆದಿದ್ದ.

ಸಂತೋಷಕುಮಾರ: ಚಾಚಾ, ಈ ಹಕ್ಕಿ ಎಲ್ಲಿಂದ ತಂದ್ರಿ?

ಸಲಾವೋದ್ದೀನ ಕುರ್ಚಿಯಿಂದ ಎದ್ದ. ಬಾಯಿ ತೆರೆದ. ಮಾತು ಬಂದದ್ದು ಸ್ಟೂಲಿನಿಂದ.

ಹಾವಗೆಪ್ಪ: ನಾ ಆರಿಸಿದ್ದು.

ಸಂತೋಷಕುಮಾರ: ನಾ ಚಾಚಾಗ ಕೇಳ್ದೆ, ಕಾಕಾ.

ಹಾವಗೆಪ್ಪ: ಯಾರಿಗಿ ಕೇಳಿದ್ರೂ ಅಷ್ಟೇ. ಬಿಳೀದು ಬ್ಯಾಡ, ಕರೀದು ಹಾಕು ಅಂತ ಬೊಟ್ಟಿಟ್ಟು ತೋರಿಸಿದಾಂವ ನಾ. ಸಲಾವೋದ್ದೀನ ಬ್ಯಾಡ ಅಂದ. ನಾ ಕೇಳಲಿಲ್ಲ. ಏನರೆ ಬರಿಯೂದಿದ್ರ ನನ್ನ ಹೆಸರು ಬರಿ. ಫೋಟೊ ಬಾಜೂಕೇ ಅದ, ಅದನ್ನೂ ತಕ್ಕೊ.

ಸಲಾವೋದ್ದೀನ ಬೇಡ ಅಂದಿರಲಿಲ್ಲ. ಭಾರಿ ಕಾಣ್ತದ ಅಂದಿದ್ದ. ಮಹಮೂದಾ ಬೇಗಂಗೆ ಅದು ಚೆನ್ನಾಗಿ ನೆನಪಿತ್ತು. ಆದರೆ ಇಂಥ ಸುಳ್ಳನ್ನು ಬರೆದುಕೊಳ್ಳುವಾಗ ದೇವದೂತರು ಲೇಖನಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತಾರೆ ಎಂದು ಅವಳ ನಂಬಿಕೆ.

ಸಂತೋಷಕುಮಾರ: ಬರಿಯೂದೇನದ, ಕಾಕಾ? ಛಲೋ ಅದ ಅಂತ ಕೇಳ್ದೆ.

ಸಲಾವೋದ್ದೀನ ಮತ್ತೆ ಕುರ್ಚಿಯ ಮೇಲೆ ಕುಳಿತ.

ಸಂತೋಷಕುಮಾರ: ನಮ್ಮ ಔರಾದದ ಫ್ಲೆಕ್ಸಿನ್ಯಾಗಿನ ಹಕ್ಕಿ ನೋಡೀರೇನು? ಬೆಳ್ಳಗ, ಜ್ವರ ಬಂದು ಬಿಟ್ಟಂಗ. ಇದರಾಗ ರೋಷ ಅದ. ಉಗುರು ನೋಡ್ರಿ, ನಾಲಿಗಿ ನೋಡ್ರಿ. ನಮಗೂ ಇದೇ ಬೇಕು, ಚಾಚಾ. ಹನ್ನೆರಡು ಫೂಟು.

ಸಲಾವೋದ್ದೀನ: ನಾಳಿಗಿ ಆಗಂಗಿಲ್ಲಪಾ. ರೋಲಿಲ್ಲ.

ಸಂತೋಷಕುಮಾರ: ನಾಳಿಗಿ ಯಾಕ? ನವೆಂಬರ್ ತಿಂಗಳೆಲ್ಲ ರಾಜ್ಯೋತ್ಸವೇ ಅಲ್ಲ? ನಮ್ಮದು ಬರೂ ಐತವಾರ ಅದ.

ಹಾವಗೆಪ್ಪನಿಗೆ ಈಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹನ್ನೆರಡು ಫೂಟು ಎಂಬ ಮಾತು ಅವನ ಕಿವಿಯಲ್ಲಿ ಸಿಕ್ಕಿಕೊಂಡಿತ್ತು.

ಹಾವಗೆಪ್ಪ: ಕೊಡಲಾಕ ಬರಂಗಿಲ್ಲ. ಆ ಹಕ್ಕಿ ನಮ್ಮದು.

ಸಲಾವೋದ್ದೀನ ತಿರುಗಿ ಅವನನ್ನೇ ನೋಡಿದ.

ಸಂತೋಷಕುಮಾರ: ನಿಮ್ಮದು ಅಂದ್ರ?

ಹಾವಗೆಪ್ಪ: ಭಾಲ್ಕಿದು.

ಸಂತೋಷಕುಮಾರ: ಗಂಡಭೇರುಂಡ ಭಾಲ್ಕಿದು ಬ್ಯಾರೆ, ಔರಾದದ್ದು ಬ್ಯಾರೆ ಅಂತದೇನು, ಕಾಕಾ? ಒಂದೇ ಮಂದಿ, ಒಂದೇ ಭಾಷಾ. ನಡುವ ಗೀಟು ಯಾಕ ಹೊಡೀತೀರಿ?

ತನ್ನ ಮಾತನ್ನೇ ಇನ್ನೊಬ್ಬರ ಬಾಯಿಂದ ಕೇಳಿದಾಗ ಅದು ಎಷ್ಟು ಉಪದ್ರವದ ಮಾತು ಎಂಬುದು ಹಾವಗೆಪ್ಪನಿಗೆ ಅವತ್ತು ತಿಳಿಯಿತು. ಅವನು ಸರ್ಬಿಯಾದವರ ಕಷ್ಟವನ್ನು ಮೊದಲ ಸಲ ಅರ್ಥ ಮಾಡಿಕೊಂಡವನಂತೆ ಕುಳಿತುಬಿಟ್ಟ. ಸಂತೋಷಕುಮಾರ ತನ್ನ ಫೋಟೊ ಹಕ್ಕಿಯ ಎಡಕ್ಕೆ ಬರಲಿ, ಅಂಗಿ ಬಿಳೀದೇ ಇರಲಿ ಎಂದು ಸಲಾವೋದ್ದೀನನಿಗೆ ಹೇಳಿ, ಚಾಚಿಗೆ ಸಲಾಮು, ಕಾಕಾಗೆ ಶರಣು ಹೇಳಿ ಮೋಟಾರ್ ಸೈಕಲ್ ಹತ್ತಿ ಹೋದ.

ಸದ್ದು ದೂರವಾಗುವ ತನಕ ಮೂವರೂ ಕಾದರು.

ಸಲಾವೋದ್ದೀನ: ಏನ್ ಮಾಡೂದ್ರಿ ಈಗ? ಖರೇ ಹಕ್ಕಿ ಹಾಕಿ ಕೊಡ್ಲಿ?

ಹಾವಗೆಪ್ಪ: ಬ್ಯಾಡ. ಇದನ್ನೇ ಛಾಪಿಸು.

ಸಲಾವೋದ್ದೀನ: ಅಲ್ಬೇನಿಯಾದ್ದು?

ಹಾವಗೆಪ್ಪ: ಅದೇ. ಒಂದು ಊರಾಗಿದ್ರ ತಪ್ಪು ಅಂತಾರೋ. ಎರಡು ಊರಾಗಿದ್ರ ಪದ್ಧತಿ ಅಂತಾರ. ಆಮ್ಯಾಲ ನಿನ್ನ ಕೇಳಾವ್ರು ಯಾರು?

ಸಲಾವೋದ್ದೀನ ಬಾಗಿಲಿಗೆ ಹೋಗಿ ಎರಡು ಚಹಾ ಹೇಳಿ ಬಂದ. ಹಾವಗೆಪ್ಪ ಟೋಪಿಯನ್ನು ತಲೆಗಿಟ್ಟು, ಒಂದು ಮಾತು ಮಾತ್ರ ನೆನಪಿರಲಿ ಎಂದು ತಗ್ಗಿದ ದನಿಯಲ್ಲಿ ಸೇರಿಸಿದ: ಹನ್ನೆರಡು ಫೂಟು ಬೇಡ, ಹತ್ತಕ್ಕೇ ಮುಗಿಸು, ಗಡಿ ಗಡಿಯಾಗಿಯೇ ಇರಲಿ.

ಮಹಮೂದಾ ಬೇಗಂ ಕೊನೆಯ ರಿಂಗನ್ನು ಅಂಚಿಗೆ ಇಟ್ಟು, ಬಿಸ್ಮಿಲ್ಲಾ ಅಂದು ಬಡಿದಳು.

ಮಹಮೂದಾ: ಅಲ್ಬೇನಿಯಾಕ್ಕ ಭಾಲ್ಕಿ ಸೇರ್ತು, ಔರಾದ ಸೇರ್ತು. ಇನ್ನ ನಡುವಿನ ಊರು ಠಾಣಾ ಕುಶನೂರ ಒಂದು ಉಳೀತು ನೋಡ್ರಿ, ಅಣ್ಣಾವ್ರ.